ಪಗಾರ ಪಟ್ಟಿಗೆ ಸಿಗದ ದಿನಗಳು

ಮೊದಲ ಮಹಾಯುದ್ಧ ಮುಗಿದ ಮೇಲೆ ಮೂರ್ನಾಲ್ಕು ವರ್ಷ ಮುಂಬಯಿಯ ಹತ್ತಿ ಗಿರಣಿಗಳಿಗೆ ಸುಗ್ಗಿ. ಲ್ಯಾಂಕಾಶೈರಿನ ಬಟ್ಟೆ ಬರುವುದು ಕಡಿಮೆಯಾಗಿತ್ತು, ಬೆಲೆ ಏರಿತ್ತು, ಷೇರುದಾರರಿಗೆ ಭಾರಿ ಡಿವಿಡೆಂಡ್ ಸಿಕ್ಕಿತು. 1922ರ ಹೊತ್ತಿಗೆ ಗಾಳಿ ತಿರುಗಿತು. ಚೀನಾದ ನೂಲಿನ ಪೇಟೆ ಕೈತಪ್ಪಿತ್ತು, ಜಪಾನಿನ ಬಟ್ಟೆ ನುಗ್ಗುತ್ತಿತ್ತು, ಒಳನಾಡಿನ ಗಿರಾಕಿಗಳನ್ನು ಅಹಮದಾಬಾದ್ ಮತ್ತು ಸೊಲ್ಲಾಪುರದ ಗಿರಣಿಗಳು ಸೆಳೆದುಕೊಂಡಿದ್ದವು. ಈ ಕುಸಿತದ ಭಾರ ಬಿದ್ದದ್ದು ಸುಮಾರು ಒಂದೂವರೆ ಲಕ್ಷ ಕಾರ್ಮಿಕರ ಮೇಲೆ. ಅವರ ಬದುಕನ್ನು ಅರಿಯಲು ನಡೆದ ಅಧ್ಯಯನಗಳು ಹಲವು. ಆದರೆ ಕೆಲಸ ಸಿಗದ ದಿನದ ಕಡೆಗೆ ಅವುಗಳ ಗಮನ ಹರಿಯಲು ಬಹುಕಾಲ ಹಿಡಿಯಿತು.

ಆರಂಭ ಸರ್ಕಾರದಿಂದಲೇ ಆಯಿತು. ಯುದ್ಧಾನಂತರದ ಮುಷ್ಕರಗಳಿಂದ ಎಚ್ಚೆತ್ತ ಮುಂಬಯಿ ಸರ್ಕಾರ 1921ರಲ್ಲಿ ಲೇಬರ್ ಆಫೀಸ್ ತೆರೆದು ‘ಲೇಬರ್ ಗೆಜೆಟ್’ ಹೊರಡಿಸಿತು. ಧಾರವಾಡ, ಬೆಳಗಾವಿ, ವಿಜಾಪುರ ಆಗ ಅದೇ ಪ್ರಾಂತ್ಯದಲ್ಲಿದ್ದುದರಿಂದ ಇದು ನಮ್ಮ ಚರಿತ್ರೆಯ ದಾಖಲೆಯೂ ಹೌದು. ಫಿಂಡ್ಲೆ ಶಿರಾಸ್ ನೇತೃತ್ವದಲ್ಲಿ 1923ರಲ್ಲಿ ಬಂದ ಪಗಾರದ ವರದಿ ಮತ್ತು ಸಂಸಾರದ ಖರ್ಚುವೆಚ್ಚದ ವರದಿ ಅಂದಿನ ಮಟ್ಟಿಗೆ ದೊಡ್ಡ ಕೆಲಸ. ಆದರೆ ಆ ಕೋಷ್ಟಕಗಳಲ್ಲಿ ಕಾಣುವವನು ಕೆಲಸದಲ್ಲಿರುವ ಮನುಷ್ಯ. ಬೆಳಗ್ಗೆ ಗಿರಣಿಯ ಗೇಟಿನ ಮುಂದೆ ನಿಂತ ‘ಬದಲಿ’ಗಳನ್ನು ಅವು ಹಿಡಿಯಲಾರವು. ಕಾಯಂ ನೇಕಾರ ಬರಲಿಲ್ಲವೆಂದರೆ ಆಳುಗಳನ್ನು ಹಿಡಿಯುವ ಮೇಸ್ತ್ರಿ, ಅಂದರೆ ಜಾಬರ್, ಆ ಗುಂಪಿನಿಂದ ಒಬ್ಬನನ್ನು ಕರೆಯುತ್ತಿದ್ದ. ಕರೆ ಬಂದರೆ ಅಂದಿನ ಕೂಲಿ, ಇಲ್ಲದಿದ್ದರೆ ಚಾಳಿಗೆ ವಾಪಸ್ಸು. ಕರೆಸಿಕೊಳ್ಳಲು ಜಾಬರನಿಗೆ ದಸ್ತೂರಿ ಎಂಬ ಲಂಚವನ್ನೂ ಕೊಡಬೇಕಿತ್ತು. ಪೇಟೆ ಬಿದ್ದಾಗ ಮಾಲೀಕರು ಮೊದಲು ಕಡಿತಗೊಳಿಸಿದ್ದು ಈ ದಿನಗೂಲಿಯನ್ನೇ. ಅದಕ್ಕೆ ನೋಟಿಸು ಅಂಟಿಸುವ ಅಗತ್ಯವೂ ಇರಲಿಲ್ಲ.

ನೋಟಿಸು ಅಂಟಿಸಿದಾಗಲೆಲ್ಲ ಮುಷ್ಕರವಾಯಿತು. ವರ್ಷಕ್ಕೊಮ್ಮೆ ಒಂದು ತಿಂಗಳ ಪಗಾರದಷ್ಟು ಸಿಗುತ್ತಿದ್ದ ಬೋನಸ್ 1923ರಲ್ಲಿ ನಿಂತಿತು. ಮರುವರ್ಷ ಜನವರಿಯಲ್ಲಿ ಗಿರಣಿಗಳು ಸ್ತಬ್ಧವಾದವು. ಬೋನಸ್ ಕಾನೂನುಬದ್ಧ ಹಕ್ಕಲ್ಲ ಎಂದಿತು ಸರ್ಕಾರ ನೇಮಿಸಿದ ಮ್ಯಾಕ್ಲಿಯಾಡ್ ಸಮಿತಿ. 1925ರ ಸೆಪ್ಟೆಂಬರಿನಲ್ಲಿ ಮಾಲೀಕರು ಪಗಾರವನ್ನು ಶೇ. 11.5ರಷ್ಟು ಇಳಿಸಿದರು. ಮುಷ್ಕರ ಡಿಸೆಂಬರಿನವರೆಗೂ ನಡೆದು, ಸರ್ಕಾರ ಹತ್ತಿ ಬಟ್ಟೆಯ ಮೇಲಿನ ಶೇ. 3.5 ಅಬಕಾರಿ ಸುಂಕವನ್ನು ತಡೆಹಿಡಿದ ಮೇಲೆ ಆ ಇಳಿಕೆ ರದ್ದಾಯಿತು. ಆಮೇಲೆ ಬಂದದ್ದು ‘ದಕ್ಷತೆ’ಯ ಹೆಸರಿನ ಯೋಜನೆ: ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರ ಇನ್ನು ಮೂರು ನೋಡಿಕೊಳ್ಳಬೇಕು. 1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸಾರ್ವತ್ರಿಕ ಮುಷ್ಕರದ ಮೂಲ ಇದು. ಗಿರಣಿ ಕಾಮಗಾರ್ ಯೂನಿಯನ್ ಹುಟ್ಟಿದ್ದೂ ಅದೇ ಹೋರಾಟದಲ್ಲಿ.

ಮುಷ್ಕರದ ತರುವಾಯ ವಿಚಾರಣೆಗೆ ಕೂತ ಫಾಸೆಟ್ ಸಮಿತಿಯ ಮುಂದೆ ಬಂದ ಅಹವಾಲುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಾಳಾದ ಬಟ್ಟೆಯದು. ನೇಯ್ಗೆಯಲ್ಲಿ ದೋಷ ಕಂಡರೆ ಆ ಥಾನನ್ನು ನೇಕಾರನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದರು. ಕಳಪೆ ಹತ್ತಿಯ ನೂಲು ಪದೇ ಪದೇ ಹರಿದರೂ ದಂಡ ತೆರುವವನು ಅವನೇ. ಮಾರಲಾಗದ ಸರಕಿನ ನಷ್ಟ ಮಾಲೀಕನಿಂದ ಕೂಲಿಕಾರನಿಗೆ ಹೇಗೆ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಭಾರತದ ಕಾರ್ಮಿಕರ ಕುರಿತ ರಾಯಲ್ ಕಮಿಷನ್ನಿನ 1931ರ ವರದಿ ಜಾಬರನ ಹಿಡಿತವನ್ನು ಖಂಡಿಸಿತು. ಆದರೆ ಕಾರ್ಮಿಕ ಮೂಲತಃ ಹಳ್ಳಿಯವನು, ಅವನ ಮನಸ್ಸು ಅಲ್ಲೇ ಇದೆ ಎಂಬ ಚಿತ್ರ ಬಹುಕಾಲ ಉಳಿಯಿತು. ಅದನ್ನು ಮೊದಲು ಗಟ್ಟಿಯಾಗಿ ಅಲುಗಿಸಿದವರು ಇತಿಹಾಸಕಾರ ಮಾರಿಸ್ ಡಿ. ಮಾರಿಸ್. ಗಿರಣಿಗಳಲ್ಲಿನ ಅಶಿಸ್ತಿಗೆ ಕಾರಣ ಕಾರ್ಮಿಕನ ಹಳ್ಳಿತನವಲ್ಲ, ಮಾಲೀಕರ ಧೋರಣೆ ಎಂದು 1965ರಲ್ಲಿ ಅವರು ವಾದಿಸಿದರು. ರಿಚರ್ಡ್ ನ್ಯೂಮನ್ 1981ರಲ್ಲಿ ಸಂಘಗಳ ಕಥೆ ಬರೆದರು. ನನ್ನ ಮಟ್ಟಿಗೆ ನಿಜವಾದ ತಿರುವು ರಾಜನಾರಾಯಣ್ ಚಂದಾವರ್ಕರ್ ಅವರ 1994ರ ಗ್ರಂಥ. ಕೆಲಸ ಯಾವಾಗ ಇಲ್ಲವಾಗುತ್ತದೋ ತಿಳಿಯದವನಿಗೆ ಊರಿನ ತುಂಡು ಹೊಲ, ಕಿರಾಣಿಯವನ ಉದ್ರಿ, ಖಾನಾವಳಿ, ಚಾಳಿನ ನಂಟರು ಇವೇ ವಿಮೆ ಎಂದು ಅವರು ತೋರಿಸಿದರು. ಊರಿನ ನಂಟು ಹಿಂದುಳಿದಿರುವಿಕೆಯಲ್ಲ, ಕೆಲಸದ ಅನಿಶ್ಚಿತತೆಗೆ ಕಂಡುಕೊಂಡ ಉಪಾಯ. ಜಾಬರನೂ ಅವರಲ್ಲಿ ಸರ್ವಶಕ್ತನಲ್ಲ. ನೆರೆಹೊರೆ ತಿರುಗಿಬಿದ್ದರೆ ಅವನೂ ನಿಲ್ಲಲಾರ.

ನೂಲು ಸುತ್ತುವ, ಲಡಿ ಹಾಕುವ ಖಾತೆಗಳಲ್ಲಿದ್ದ ಹೆಂಗಸರ ಬಗ್ಗೆ ರಾಧಾ ಕುಮಾರ್ ಬರೆದದ್ದು 1980ರ ದಶಕದಲ್ಲಿ. 1929ರ ಹೆರಿಗೆ ಭತ್ಯೆ ಕಾಯ್ದೆಯ ಜೊತೆಜೊತೆಗೇ ಗಿರಣಿಗಳಲ್ಲಿ ಹೆಂಗಸರ ಸಂಖ್ಯೆ ಇಳಿಯತೊಡಗಿತು ಎಂಬುದನ್ನು ಕಾನೂನಿನ ಚರಿತ್ರೆ ಬರೆಯುವವರು ಮರೆಯಬಾರದು. ಮೈಸೂರು ಸಂಸ್ಥಾನದ ಮಟ್ಟಿಗೆ ಇಂಥ ಹುಡುಕಾಟ ನಡೆಸಿದವರು ಜಾನಕಿ ನಾಯರ್. ಕೋಲಾರದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕುರಿತ ಅವರ ಪುಸ್ತಕ ಬಂದದ್ದು 1998ರಲ್ಲಿ. ಮೀನಾ ಮೆನನ್ ಮತ್ತು ನೀರಾ ಆಡಾರ್ಕರ್ 2004ರಲ್ಲಿ ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವಿನ ಕಾರ್ಮಿಕರ ಮಾತುಗಳನ್ನೇ ಪುಸ್ತಕವಾಗಿಸಿದರು. ಅಷ್ಟರಲ್ಲಿ ಮುಂಬಯಿ ಗಿರಣಿ ಕಾರ್ಮಿಕರ 1982ರ ಮುಷ್ಕರ ಮುಗಿದು, ಹಲವು ಗಿರಣಿಗಳ ಜಾಗದಲ್ಲಿ ಮಾಲ್‌ಗಳೂ ಆಫೀಸು ಕಟ್ಟಡಗಳೂ ಏಳತೊಡಗಿದ್ದವು.