ರಾಯಚೂರು ಸೀಮೆಯ ಮೇವಿನ ಮೆಕ್ಕೆಜೋಳ

ಕಾಳು ಬಲಿಯುವವರೆಗೆ ಕಾಯದೆ, ದಂಟು, ಎಲೆ, ಎಳೆ ತೆನೆ ಸಮೇತ ಹಸಿಯಾಗಿ ಕೊಯ್ದು ದನಕ್ಕೆ ಹಾಕುವ ಬೆಳೆ ಮೇವಿನ ಮೆಕ್ಕೆಜೋಳ. ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗೆ ಇದು ತಡವಾಗಿ ಬಂದದ್ದು. ಇಲ್ಲಿನ ಎರೆಭೂಮಿಯ ಎತ್ತುಗಳನ್ನು ತಲೆಮಾರುಗಳ ಕಾಲ ಸಾಕಿದ್ದು ಹಿಂಗಾರಿ ಬಿಳಿಜೋಳದ ಒಣ ದಂಟು, ಅಂದರೆ ಕಣಿಕೆ. ಅದರ ಮಾಲದಂಡಿ ತಳಿಯನ್ನು ರೈತರು ರೊಟ್ಟಿಗಾಗಿ ಎಷ್ಟು ಮೆಚ್ಚಿದರೋ ಬಣವೆಗಾಗಿಯೂ ಅಷ್ಟೇ ಮೆಚ್ಚಿದರು.

ಈ ಲೆಕ್ಕವನ್ನು ಬದಲಿಸಿದ್ದು ಕಾಲುವೆ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಮಾನ್ವಿ ಕಡೆಗೆ, ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ನೀರು ತಂದವು. ನೀರು ಹರಿದಲ್ಲೆಲ್ಲ ಭತ್ತ ಹಬ್ಬಿತು, ಕಣಿಕೆ ಕಡಿಮೆಯಾಯಿತು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3–4 ಮಾತ್ರ; ಹಾಲು ಕೊಡುವ ಹಸುವಿಗೆ ಅದೊಂದೇ ಸಾಲದು.

ಈ ಕೊರತೆಗೆ ಉತ್ತರವಾಗಬಲ್ಲ ಮೆಕ್ಕೆಜೋಳದ ಸಂಘಟಿತ ಸಂಶೋಧನೆ ದೇಶದಲ್ಲಿ 1957ರಲ್ಲಿ ಆರಂಭವಾಗಿ, 1961ರಲ್ಲಿ ಮೊದಲ ಸಂಕರ ತಳಿಗಳು ಹೊರಬಂದವು. ಅವೆಲ್ಲ ಕಾಳಿನ ತಳಿಗಳು. ಮೇವಿಗೆಂದೇ ಹೆಸರಾದ ಆಫ್ರಿಕನ್ ಟಾಲ್ ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದಿಂದ 1980ರ ದಶಕದ ಆರಂಭದಲ್ಲಿ ಬಂತು. ರಾಯಚೂರಿಗೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಸಿಕ್ಕಿದ್ದು 2009ರಲ್ಲಿ.

ಆಳೆತ್ತರ ಮೀರಿ ಬೆಳೆಯುವ ಆಫ್ರಿಕನ್ ಟಾಲ್ ಚೆನ್ನಾಗಿ ಬಂದರೆ ಎಕರೆಗೆ 16ರಿಂದ 20 ಟನ್ ಹಸಿಮೇವು. ಆದರೆ ಎತ್ತರ ನೋಡಿ ಮೇವನ್ನು ಅಳೆಯುವುದು ತಪ್ಪು. ಗುಣ ನಿಲ್ಲುವುದು ಕೊಯ್ಯುವ ದಿನದ ಮೇಲೆ. ಬೇಗ ಕೊಯ್ದರೆ ಮೇವೆಲ್ಲ ನೀರು. ತಡವಾದರೆ ದಂಟು ನಾರಾಗಿ, ದನ ಎಲೆ ತಿಂದು ದಂಟು ಬಿಡುತ್ತದೆ. ಸೂಲಂಗಿ ಬಂದು ಕಾಳಿನಲ್ಲಿ ಹಾಲು ತುಂಬುವ ಹೊತ್ತು, ಅಂದರೆ ಬಿತ್ತಿದ 60–75 ದಿನಗಳ ಆಸುಪಾಸು, ಹಸಿಮೇವಿಗೆ ತಕ್ಕ ಕಾಲ. ಸಾಲುಗಳ ನಡುವೆ ಅಲಸಂದೆ ಹಾಕಿದರೆ ಪ್ರೋಟೀನ್ ಹೆಚ್ಚುತ್ತದೆ. ಎಳೆಯ ಹಸಿಜೋಳದಲ್ಲಿರುವ ಸಯನೈಡ್ ವಿಷದ ಭಯ ಮೆಕ್ಕೆಜೋಳಕ್ಕಿಲ್ಲ. ಆದರೆ ಬರದಲ್ಲಿ ಬಾಡಿದ ಬೆಳೆಗೆ ಯೂರಿಯಾ ಸುರಿದರೆ ನೈಟ್ರೇಟ್ ಕೂಡಿಕೊಂಡು ದನಕ್ಕೆ ಅಪಾಯವಾದೀತು. ನೀರು ನಿಂತ ಎರೆ, ಕಾಲುವೆಯ ಕೆಳಗೆ ಸವಳಾದ ನೆಲ, ಎರಡೂ ಈ ಬೆಳೆಗೆ ಆಗಿಬರುವುದಿಲ್ಲ. ಬಸಿಗಾಲುವೆ ತೆಗೆಯದೆ ಗೊಬ್ಬರ ಹಾಕಿ ಫಲವಿಲ್ಲ.

ಹೆಚ್ಚಾದ ಮೇವನ್ನು ಗಾಳಿಯಾಡದಂತೆ ತುಳಿದು ಹುಳಿಸಿಡುವ ರಸಮೇವಿನ ವಿದ್ಯೆಯನ್ನು ಜಗತ್ತಿಗೆ ಪ್ರಚಾರ ಮಾಡಿದವನು ಫ್ರಾನ್ಸಿನ ಕೃಷಿಕ ಆಗುಸ್ತ್ ಗೋಫಾರ್. ಮೆಕ್ಕೆಜೋಳದ ರಸಮೇವಿನ ಬಗ್ಗೆ ಅವನ ಪುಸ್ತಕ 1877ರಲ್ಲಿ ಅಚ್ಚಾಯಿತು. ನೆಲದಡಿಯ ಹಗೇವಿನಲ್ಲಿ ಜೋಳ ಕಾಪಾಡಿದ ಉತ್ತರ ಕರ್ನಾಟಕಕ್ಕೆ ಗುಂಡಿಯಲ್ಲಿ ಮೇವು ಕಾಪಾಡುವುದು ಕಷ್ಟದ ಪಾಠವಲ್ಲ. ರಸಮೇವಿಗೆ ಕಾಳು ಹಾಲು ದಾಟಿ ಹಿಟ್ಟುಗಟ್ಟುವ ಹಂತ ಒಳ್ಳೆಯದು. ಸಣ್ಣಗೆ ಕತ್ತರಿಸಿ ಬಿಗಿಯಾಗಿ ತುಂಬಿ ಮುಚ್ಚಿದರೆ ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಂಡ ಫಾಲ್ ಸೈನಿಕ ಹುಳು ಈಗ ಮೆಕ್ಕೆಜೋಳದ ದೊಡ್ಡ ಶತ್ರು. ಸುಳಿಯನ್ನೇ ತಿನ್ನುವ ಈ ಹುಳುವಿಗೆ ಔಷಧಿ ಹೊಡೆದ ಮೇವನ್ನು, ಔಷಧಿಯ ಚೀಟಿಯಲ್ಲಿ ಹೇಳಿದ ದಿನಗಳು ಕಳೆಯದೆ ದನಕ್ಕೆ ಹಾಕಬಾರದು.

ಕಾಲು ಎಕರೆಯ 4 ಟನ್ ಹಸಿಮೇವು, ಒಂದೊಂದಕ್ಕೆ ದಿನಕ್ಕೆ 20 ಕಿಲೋದಂತೆ, ಎರಡು ಹಸುಗಳಿಗೆ 100 ದಿನ ಸಾಕು. ಮಾನ್ವಿ, ದೇವದುರ್ಗದ ಭತ್ತದ ರೈತರು ಗದ್ದೆಯ ಬದಿಯಲ್ಲಿ, ನೀರು ನಿಲ್ಲದ ಅಷ್ಟು ನೆಲವನ್ನಾದರೂ ಮೇವಿಗೆ ಬಿಡಬೇಕು.