ಘಟ್ಟ ಹತ್ತಿದ ದಾರಿಗಳು

ಉಡುಪಿಯ ಕಡಿಯಾಳಿಯಿಂದ ಮಣಿಪಾಲದ ಏರು ಹತ್ತಿ ಪರ್ಕಳ, ಹಿರಿಯಡಕ, ಹೆಬ್ರಿಗಳನ್ನು ದಾಟುವ ಹೆದ್ದಾರಿ ಸೋಮೇಶ್ವರದಲ್ಲಿ ಪಶ್ಚಿಮ ಘಟ್ಟದ ಬುಡ ಮುಟ್ಟುತ್ತದೆ. ಕರಾವಳಿಯ ಬೆನ್ನಿಗೆ ಗೋಡೆಯಂತೆ ನಿಂತ ಈ ಸಾಲಿನಲ್ಲಿ ಉತ್ತರಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಆಗುಂಬೆಯ ಮಗ್ಗುಲಲ್ಲಿ 1,152 ಮೀಟರಿನ ನರಸಿಂಹ ಪರ್ವತ, ಕಾರ್ಕಳದ ಕಡೆಗೆ ವಾಲಿಕುಂಜ, ಅದರಾಚೆ ಸುಮಾರು 1,890 ಮೀಟರಿನ ಕುದುರೆಮುಖ ಇವೆ. ಇವುಗಳನ್ನು ಹವ್ಯಾಸಕ್ಕಾಗಿ ಏರುವ ಚಾರಣ ಇತ್ತೀಚಿನದು. ಚಾರಣಿಗರು ತುಳಿಯುವ ಹಾದಿಗಳು ಮಾತ್ರ ಬಹಳ ಹಳೆಯವು.

ಊರನ್ನೂ ಜನರನ್ನೂ ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದೇ ಗುರುತಿಸುವ ಈ ನಾಡಿನಲ್ಲಿ ಘಟ್ಟ ಹತ್ತುವುದು ಹೊಟ್ಟೆಪಾಡಿನ ಕೆಲಸವಾಗಿತ್ತು. ಮೋಟಾರು ರಸ್ತೆಗಳು ಬರುವ ಮೊದಲು ಕಡಲ ಬದಿಯ ಉಪ್ಪು, ಒಣಮೀನು, ತೆಂಗು ಹೇರೆತ್ತುಗಳ ಬೆನ್ನಮೇಲೆ ಮಲೆನಾಡಿಗೆ ಏರುತ್ತಿದ್ದವು. ಅಕ್ಕಿ, ಅಡಿಕೆ, ಮೆಣಸು ಕೆಳಗಿಳಿಯುತ್ತಿದ್ದವು.

ಎರಡನೆಯ ಕಾರಣ ಭಕ್ತಿ. ಕೊಲ್ಲೂರು ಮೂಕಾಂಬಿಕೆಯ ದರ್ಶನಕ್ಕೆ ಬಂದವರು ಶಂಕರಾಚಾರ್ಯರ ನೆನಪಿನ ಸರ್ವಜ್ಞ ಪೀಠ ನೋಡಲು ಕೊಡಚಾದ್ರಿಯನ್ನು ಹತ್ತುತ್ತಾರೆ. ಉಡುಪಿಗೆ ಹತ್ತಿರದ ಕುಂಜಾರುಗಿರಿಯ ನೆತ್ತಿಯಲ್ಲಿ ದುರ್ಗೆಯ ಗುಡಿಯಿದೆ. ಮಧ್ವಾಚಾರ್ಯರು ಹುಟ್ಟಿದ ಪಾಜಕ ಅದರ ತಪ್ಪಲಿನಲ್ಲೇ ಇದೆ. ಕಾರ್ಕಳದ ಕಲ್ಲುಗುಡ್ಡದ ಮೇಲೆ 42 ಅಡಿಯ ಬಾಹುಬಲಿ 1432ರಲ್ಲಿ ನಿಂತ. ಕಾವಲೂ ಒಂದು ಕಾರಣವೇ ಆಗಿತ್ತು. ಬೆಳ್ತಂಗಡಿಯ ಗಡಾಯಿಕಲ್ಲಿನ ಬಂಡೆಯ ಮೇಲಿನ ಜಮಾಲಾಬಾದ್ ಕೋಟೆ 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು.

ಈ ಮಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕಾರ್ಕಳ, ಬೆಳ್ತಂಗಡಿ ಸೀಮೆಯ ಮಲೆಕುಡಿಯರು. ಜೇನು, ಸೀಗೆ, ರಾಮಪತ್ರೆಗಳನ್ನು ಹುಡುಕುತ್ತಾ ಅವರು ಮೂಡಿಸಿದ ಕಾಲುದಾರಿಗಳು ಇಂದಿಗೂ ಕಾಡಿನೊಳಗೆ ಉಳಿದಿವೆ. ಶಿವರಾಮ ಕಾರಂತರು 1951ರ ‘ಕುಡಿಯರ ಕೂಸು’ ಕಾದಂಬರಿಗೆ ಈ ಜನರ ಬದುಕನ್ನೇ ಆಯ್ದುಕೊಂಡರು.

ಕುದುರೆಮುಖಕ್ಕೆ ಹೆಸರು ಬಂದದ್ದು ಅದರ ಆಕಾರದಿಂದ. ಕಡಲಿನಿಂದ ನೋಡಿದರೆ ಶಿಖರ ಕುದುರೆಯ ಮೋರೆಯಂತೆ ಕಾಣುತ್ತದೆ. ನಾವಿಕರು ಅದನ್ನೇ ಗುರುತು ಹಿಡಿದು ಹಡಗು ನಡೆಸುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಅಧಿಕಾರಿಗಳು ಸೆಕೆಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಅವರಿಗಾಗಿ ಮೇಲೆ ಬಂಗಲೆಗಳೂ ಕುದುರೆ ಏರುವ ಹಾದಿಯೂ ಇದ್ದವು. ಶಿಖರದ ಬಳಿ ಹಳೆಯ ಚರ್ಚೊಂದರ ಕಲ್ಲುಗೋಡೆಗಳು ಈಗಲೂ ಇವೆ.

ಇಪ್ಪತ್ತನೆಯ ಶತಮಾನದಲ್ಲಿ ಬೆಟ್ಟದ ಹಾದಿ ಬೇರೆಯಾಯಿತು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಇಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಅದಿರು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪನೆಯಾಯಿತು. ಇತ್ತ 1974ರಲ್ಲಿ ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯಗಳು, 1987ರಲ್ಲಿ ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದವು. ಗಣಿ ಮತ್ತು ಕಾಡಿನ ನಡುವಿನ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆಯ ಕಾಡುಗಳೂ ಅದರಲ್ಲಿದ್ದವು.

ಚಾರಣ ಬೆಳೆದದ್ದು ಇದೇ ದಶಕಗಳಲ್ಲಿ. ನಡುವೆ 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ನಕ್ಸಲರ ಎನ್‌ಕೌಂಟರ್ ನಡೆದ ಮೇಲೆ ಹಲವರು ಈ ಕಾಡುಗಳ ಕಡೆ ಹೆಜ್ಜೆಯಿಡಲು ಹಿಂಜರಿದರು. ಆಮೇಲೆ ಬಂದ ತೊಂದರೆ ಜನಸಂದಣಿಯದು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಟ್ಟಿಗೇ ಬಂದಾಗ ರಾಜ್ಯ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ತಡೆದು, ಮುಂದೆ ಆನ್‌ಲೈನ್ ಬುಕಿಂಗ್ ಮತ್ತು ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯನ್ನು ತಂದಿತು. ಹೆಸರಾದ ಶಿಖರಗಳಲ್ಲಿ ಜಾಗ ಸಿಗದವರ ಕಣ್ಣು ಈಗ ಹೆಸರು ಕೇಳದ ಬೆಟ್ಟಗಳ ಮೇಲಿದೆ.

ಮಿತಿಗೆ ಕಾರಣ ಬೆಟ್ಟದ ಮೈಯಲ್ಲೇ ಇದೆ. ಎತ್ತರದ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲು, ಮಡಿಲಿನ ಕಣಿವೆಗಳಲ್ಲಿ ಶೋಲಾ ಕಾಡು. ಮಳೆನೀರನ್ನು ಹೀರಿಟ್ಟು, ಮಳೆಗಾಲ ಮುಗಿದ ಮೇಲೂ ತೊರೆಗಳಿಗೆ ಬಿಡುತ್ತಾ ಹೋಗುವುದು ಇವೆರಡರ ಕೆಲಸ. ಹುಲ್ಲು ಸವೆದ ಕಡೆ ಮಣ್ಣು ಕೊಚ್ಚಿಹೋಗುತ್ತದೆ, ಬೇಸಗೆಯಲ್ಲಿ ಒಂದು ಬೆಂಕಿಕಡ್ಡಿ ಇಡೀ ಗುಡ್ಡವನ್ನು ಸುಡುತ್ತದೆ. ಹೇರೆತ್ತಿನವರೂ ಮಲೆಕುಡಿಯರೂ ಶತಮಾನಗಳ ಕಾಲ ನಡೆದರೂ ಬೆಟ್ಟ ಉಳಿದದ್ದು, ನಡೆದವರ ಸಂಖ್ಯೆ ಕಡಿಮೆಯಿದ್ದುದರಿಂದ ಮತ್ತು ಅವರ ಬದುಕು ಆ ಕಾಡನ್ನೇ ನೆಚ್ಚಿದ್ದರಿಂದ. ನೆಚ್ಚಿಕೊಂಡವರು ಇಂದಿಗೂ ಇದ್ದಾರೆ: ಕಾರ್ಕಳದ ಘಟ್ಟದಲ್ಲಿ ಹುಟ್ಟುವ ಸ್ವರ್ಣಾ ನದಿಯ ನೀರೇ ಹಿರಿಯಡಕದ ಬಳಿಯ ಬಜೆ ಅಣೆಕಟ್ಟಿನಿಂದ ಉಡುಪಿ, ಮಣಿಪಾಲಗಳ ನಳ್ಳಿಗಳಿಗೆ ಬರುತ್ತದೆ.