ದಕ್ಷಿಣ ಭಾರತದ ಕ್ರಿಟೇಷಿಯಸ್ ಪಳೆಯುಳಿಕೆಗಳು: ವರ್ಣನಗ್ರಂಥಗಳ ಇತಿಹಾಸ

ಪಳೆಯುಳಿಕೆಗಳ ವರ್ಣನಗ್ರಂಥಗಳನ್ನು ಕೇವಲ ಹೆಸರುಗಳ ಪಟ್ಟಿಯೆಂದು ಕಡೆಗಣಿಸುವವರು ವಿದ್ವಾಂಸರಲ್ಲಿಯೂ ಉಂಟು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ತಿರುಚಿನಾಪಳ್ಳಿ ಹಾಗೂ ಪಾಂಡಿಚೇರಿ ಸೀಮೆಗಳ ಕ್ರಿಟೇಷಿಯಸ್ ಶಿಲಾಸ್ತರಗಳನ್ನು ಕುರಿತ ಅಧ್ಯಯನದ ಇತಿಹಾಸವು ಬೇರೊಂದನ್ನೇ ಹೇಳುತ್ತದೆ.

ಕೇ ಮತ್ತು ಕನ್ಲಿಫ್ ಎಂಬವರು ಅಲ್ಲಿ ಸಂಗ್ರಹಿಸಿದ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಲಂಡನ್ನಿನಲ್ಲಿ ವರ್ಣಿಸಿ ಪ್ರಕಟಿಸಿದನು. ಆ ನೆಲವನ್ನು ಆತನು ಕಂಡವನಲ್ಲ. ಪಾಂಡಿಚೇರಿಯ ಸ್ತರಗಳು ಕ್ರಿಟೇಷಿಯಸ್ ಯುಗದ ಪೂರ್ವಭಾಗದವೆಂದು ಆತನು ಊಹಿಸಿದನು. ಫ್ರಾನ್ಸಿನ ದೋರ್ಬಿನ್ಯಿಯಾದರೋ ಅವು ಉತ್ತರಭಾಗದವೆಂದು ನಿರ್ಣಯಿಸಿದನು. ಮುಂದಿನ ಸಂಶೋಧನೆಯು ಇದನ್ನೇ ಸ್ಥಿರಪಡಿಸಿತು. ಫೋರ್ಬ್ಸನ ಕಾಲನಿರ್ಣಯ ಬಿದ್ದುಹೋಯಿತು. ಆತನು ವರ್ಣಿಸಿದ ಪ್ರಭೇದಗಳನ್ನು ಕುರಿತು ಬರೆಯುವವರು ಮಾತ್ರ ಇಂದಿಗೂ ಆ ಪುಟಗಳನ್ನೇ ತೆರೆಯಬೇಕು.

ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಥಾಮಸ್ ಓಲ್ಡ್‌ಹ್ಯಾಮನ ನೇತೃತ್ವದಲ್ಲಿ 1861ರಲ್ಲಿ 'ಪಾಲಿಯಂಟಾಲಾಜಿಯ ಇಂಡಿಕ' ಎಂಬ ಗ್ರಂಥಮಾಲೆಯನ್ನು ಆರಂಭಿಸಿತು. ತಿರುಚಿನಾಪಳ್ಳಿ ಸೀಮೆಯನ್ನು ಸ್ವತಃ ಸುತ್ತಿ ಪರಿಶೀಲಿಸಿದ್ದ ಎಚ್. ಎಫ್. ಬ್ಲಾನ್‌ಫೋರ್ಡನು ಅಲ್ಲಿಯ ಬೆಲೆಮ್ನೈಟ್ ಮತ್ತು ನಾಟಿಲಸ್ ವರ್ಗಗಳನ್ನು ಅದರಲ್ಲಿ ವರ್ಣಿಸಿದನು. ಉಳಿದ ಮಹಾಭಾರವು ವಿಯೆನ್ನಾದಿಂದ 1862ರಲ್ಲಿ ಸಂಸ್ಥೆಗೆ ಬಂದ ಫರ್ಡಿನಾಂಡ್ ಸ್ಟೊಲಿಚ್ಕನ ಹೆಗಲಿಗೆ ಬಿದ್ದಿತು. ಅಮ್ಮೊನೈಟುಗಳು, ಶಂಖಜಾತಿಯ ಮೃದ್ವಂಗಿಗಳು, ಎರಡು ಚಿಪ್ಪಿನ ಜೀವಿಗಳು, ಕೊನೆಗೆ ಹವಳಗಳವರೆಗೆ ಆತನ ವರ್ಣನೆ 1863ರಿಂದ 1873ರವರೆಗೆ ಭಾಗಭಾಗವಾಗಿ ಹೊರಬಂದಿತು. ಸುರುಳಿ ಎಷ್ಟು ಬಿಗಿ, ಏಣುಗಳು ಎಲ್ಲಿ ಕವಲೊಡೆಯುತ್ತವೆ, ಒಳಗಿನ ಅಡ್ಡಗೋಡೆಗಳು ಚಿಪ್ಪಿಗೆ ಕೂಡುವ ಗೆರೆ ಹೇಗೆ ಮಡಿಕೆಗೊಂಡಿದೆ ಎಂಬುದನ್ನೆಲ್ಲ ಆತನು ಬರೆದನು; ಕಲ್ಲಚ್ಚಿನ ಚಿತ್ರಫಲಕಗಳು ಅದನ್ನು ಕಣ್ಣಿಗೆ ಕಾಣಿಸಿದವು. ಇಂತಹ ಬರವಣಿಗೆಯನ್ನು ಓದುವುದು ಸುಖಕರವಲ್ಲವೆಂಬುದೇನೋ ನಿಜ. 1874ರಲ್ಲಿ ಯಾರ್ಕಂದ್ ಯಾತ್ರೆಯಿಂದ ಮರಳುವಾಗ ಲಡಾಖಿನ ಮುರ್ಗೋ ಎಂಬಲ್ಲಿ ಆತನು ತೀರಿಕೊಂಡನು. ಆಗ ಆತನಿಗೆ 36 ವರ್ಷ.

ಸ್ಟೊಲಿಚ್ಕನು ಅಮ್ಮೊನೈಟುಗಳಲ್ಲಿ ಬಹುಪಾಲನ್ನು ಒಂದೇ ವಿಶಾಲ ಜಾತಿಯಲ್ಲಿರಿಸಿದ್ದನು. ಫ್ರಾಂಟ್ಸ್ ಕೋಸ್ಮಾಟನು 1895ರಿಂದ 1898ರವರೆಗೆ ಪ್ರಕಟಿಸಿದ ಸಂಶೋಧನೆಯಲ್ಲಿ ಅವನ್ನು ಅನೇಕ ಜಾತಿಗಳಿಗೆ ಹಂಚಿದನು, ಕೆಲವು ಪ್ರಭೇದಗಳ ಗುರುತನ್ನೇ ತಿದ್ದಿದನು. ಸ್ಟೊಲಿಚ್ಕನು ಬರಿಯ ಹೆಸರುಗಳನ್ನು ಬಿಟ್ಟುಹೋಗಿದ್ದರೆ ತಿದ್ದುವುದಕ್ಕೆ ಆಧಾರವೆಲ್ಲಿರುತ್ತಿತ್ತು? ತಾನು ಯಾವ ಚಿಪ್ಪಿಗೆ ಯಾವ ಹೆಸರಿಟ್ಟೆನೆಂಬುದನ್ನು ಆತನು ಮಾತಿನಲ್ಲಿಯೂ ಚಿತ್ರದಲ್ಲಿಯೂ ತೋರಿಸಿದ್ದನು. ಕೋಸ್ಮಾಟನು ಆತನೊಡನೆ ವಾದಿಸಿದ್ದು ಆತನದೇ ಫಲಕಗಳನ್ನು ಮುಂದಿರಿಸಿಕೊಂಡು.